ಮಡಲು ಬಿದ್ದರೆ ಅದರಲ್ಲೂ ದೇವರ ಪಾಠ ಇರಲೇಬೇಕಾ?

ನೀವು ಕೇಳಿದ್ದು: "ಇತ್ತೀಚೆಗೆ ಚರ್ಚಿನ ಸಭೆಗೆ ಹೋಗಲು ಶುರು ಮಾಡಿದ್ದೇನೆ. ಅಲ್ಲಿ ದೇವರು ತಮಗೆ ಮಾಡಿದ್ದನ್ನು ಎದ್ದು ನಿಂತು ಸಾಕ್ಷಿ ಹೇಳುವವರು ಬಸ್ಸು ತಪ್ಪಿದ್ದರಲ್ಲಿ, ಹಾಲು ಒಡೆದದ್ದರಲ್ಲಿ, ಮೊಬೈಲ್ ಬಾವಿಗೆ ಬಿದ್ದದ್ದರಲ್ಲಿ ಕೂಡ ದೇವರ ಪಾಠ ಕಾಣುತ್ತಾರೆ. ನನಗೆ ಮಾತ್ರ ಹಾಲು ಒಡೆದರೆ ಒಡೆದ ಹಾಲೇ ಕಾಣುತ್ತದೆ. ನನ್ನ ವಿಶ್ವಾಸ ಕಡಿಮೆಯೇ?"

ಇಲ್ಲ ಮಾರಾಯ್ರೇ, ಕಡಿಮೆ ಎಂತ ಇಲ್ಲ. ನಾನು ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಪ್ರೊಟೆಸ್ಟೆಂಟ್) ಸಭೆಯವಳು. ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಪಾದ್ರಿಗಳ ಕಾಲದಿಂದ ಬಂದ ಕುಟುಂಬ, ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಸಾಕ್ಷಿ ಕೇಳುತ್ತಲೇ ಬೆಳೆದವಳು ಅಂತ ಇಟ್ಟುಕೊಳ್ಳಿ. ಅದರ ಮೇಲೆ ನನಗೆ ಪ್ರೀತಿಯೂ ಉಂಟು, ಒಂದಿಷ್ಟು ತಕರಾರೂ ಉಂಟು.

ತಕರಾರು ಮೊದಲು ಹೇಳಿಬಿಡುತ್ತೇನೆ. ಸಾಕ್ಷಿಗೆ ಎದ್ದು ನಿಲ್ಲುವವರು ಯಾರು? ಕಥೆಗೆ ಒಳ್ಳೆಯ ಕೊನೆ ಸಿಕ್ಕವರು. ಬಸ್ಸು ತಪ್ಪಿತು, ಮುಂದಿನ ಬಸ್ಸಿನಲ್ಲಿ ಹಳೆಯ ಗೆಳೆಯ ಸಿಕ್ಕಿದ, ಅವನಿಂದ ಕೆಲಸವೂ ಸಿಕ್ಕಿತು ಅನ್ನುವವರು ಮೈಕ್ ಹಿಡಿಯುತ್ತಾರೆ. ಬಸ್ಸು ತಪ್ಪಿತು, ಇಂಟರ್‌ವ್ಯೂ ಕೈಬಿಟ್ಟಿತು, ಅಷ್ಟೇ ಅನ್ನುವವರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ನನಗೆ ಎಲ್ಲಕ್ಕಿಂತ ಕಸಿವಿಸಿಯಾಗುವುದು "ನಾನು ಹತ್ತದ ಬಸ್ಸು ಮುಂದೆ ಹೋಗಿ ಪಲ್ಟಿಯಾಯಿತು, ದೇವರು ನನ್ನನ್ನು ಕಾಪಾಡಿದ" ಅನ್ನುವ ಸಾಕ್ಷಿ. ಹೇಳುವವರ ಕೃತಜ್ಞತೆ ನಿಜವೇ. ಆದರೆ ಆ ಬಸ್ಸಿನೊಳಗೆ ಇದ್ದವರಿಗೆ ದೇವರು ಏನಾಗಿದ್ದ? ಅವರ ಅಮ್ಮಂದಿರು ಅದೇ ಆರಾಧನೆಯಲ್ಲಿ ಕೂತಿದ್ದರೆ?

ಇನ್ನೊಂದು ಬಗೆ ಉಂಟು. ಸ್ಕೂಟರ್ ಪಂಕ್ಚರ್ ಆಯಿತು, ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿದಾಗ ಗುಳ್ಳೆ ಬಂತು, ಹಾಗೆಯೇ ದೇವರು ನಮ್ಮನ್ನು ಕಷ್ಟದಲ್ಲಿ ಅದ್ದಿ ಪಾಪದ ತೂತು ತೋರಿಸುತ್ತಾನೆ ಅನ್ನುವುದು. ಯುವಜನರ ಕೂಟದ ಪ್ರಸಂಗಗಳಲ್ಲಿ ಇದು ಧಾರಾಳ. ತಪ್ಪೇನಿಲ್ಲ. ಆದರೆ ಹೇಳುವವರಿಗೆ ಪಾಠ ಮೊದಲೇ ಗೊತ್ತಿತ್ತು, ಪಂಕ್ಚರ್ ಆಮೇಲೆ ಬಂದು ಸೇರಿಕೊಂಡಿತು. ಚಕ್ರದ ಬದಲು ಚಪ್ಪಲಿ ಹರಿದಿದ್ದರೂ ಪಾಠ ಅದೇ ಆಗುತ್ತಿತ್ತು. ಇಂಥದ್ದು ನಿಮಗೆ ಹೊಳೆಯುತ್ತಿಲ್ಲ ಅಂತಾದರೆ ನಷ್ಟವೇನೂ ಇಲ್ಲ.

ಹಾಗಾದರೆ ನನಗೆ ಯಾವತ್ತೂ ಯಾವ ಪಾಠವೂ ಸಿಗಲಿಲ್ಲವಾ ಅಂದರೆ, ಸಿಕ್ಕಿದೆ. ಒಂದನ್ನು ಹೇಳುತ್ತೇನೆ.

ನಮ್ಮದು ಹಂಚಿನ ಮನೆ, ಪಕ್ಕದಲ್ಲೇ ಎತ್ತರದ ತೆಂಗಿನಮರ. ಈಗ ಮರ ಹತ್ತುವವರು ಕರೆದಾಗ ಸಿಗುವುದಿಲ್ಲ ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ. ಆಟಿ ತಿಂಗಳ ಒಂದು ರಾತ್ರಿ, ನಾವು ಪ್ರಾರ್ಥನೆಗೆ ಕೂತಿದ್ದಾಗ, ಮಳೆಗೆ ನೆಂದು ಭಾರವಾದ ಒಣಮಡಲು (ತೆಂಗಿನ ಗರಿ) ನೇರ ಅಮ್ಮನ ಕೋಣೆಯ ಮೇಲೆ ಬಿತ್ತು. ನಾಲ್ಕೈದು ಹಂಚು ಪುಡಿ, ಹಂಚು ಕೂರುವ ಮರದ ಪಟ್ಟಿ, ಒಂದು ರೀಪು, ಮುರಿದು ಕೆಳಗೆ ಜೋತಾಡುತ್ತಿತ್ತು, ಕರೆಂಟೂ ಹೋಯಿತು. ನಾನು ಬಾಲ್ದಿ, ಕೊಡಪಾನ, ದೋಸೆಹಿಟ್ಟಿನ ಪಾತ್ರೆ ಎಲ್ಲ ತಂದು ಸಾಲಾಗಿ ಇಟ್ಟೆ. ಅಮ್ಮ ಮೊಣಕಾಲು ನೋವಿನವರು, ಬೇಗ ಏಳಲು ಆಗುವುದಿಲ್ಲ. ಪ್ರಾರ್ಥನೆ ನಡುವಿನಲ್ಲಿ ಬಿಡಬಾರದು ಅಂತ ಮಂಚದ ಮೇಲೆ ಕೊಡೆ ಬಿಡಿಸಿಕೊಂಡು ಕೂತು, ಕರ್ತನ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿ ಮುಗಿಸಿದರು.

ಸದ್ದು ಕೇಳಿ ಪಕ್ಕದ ಮನೆಯ ಬ್ಯಾರಿ ಕಾಕ (ಬ್ಯಾರಿಗಳೆಂದರೆ ನಮ್ಮ ಕರಾವಳಿಯ ಮುಸ್ಲಿಮರು) ಟಾರ್ಚ್ ಹಿಡಿದುಕೊಂಡು ಬಂದರು. "ಟೀಚರ್, ಪೆಟ್ಟು ಎಂತ ಆಗಲಿಲ್ಲ ಅಲ್ವಾ?" ಅಂತ ಕೇಳಿದವರೇ ಮೇಜನ್ನು ಎಳೆದು ಅದರ ಮೇಲೆ ಹತ್ತಿದರು. ಮಳೆಯಲ್ಲಿ ಮಾಡಿನ ಮೇಲೆ ಹತ್ತಿದರೆ ಜಾರುತ್ತದೆ, ಇನ್ನಷ್ಟು ಹಂಚೂ ಒಡೆಯುತ್ತದೆ, ಅದಕ್ಕೆ ಎಲ್ಲವನ್ನೂ ಒಳಗಿನಿಂದಲೇ ಮಾಡಿದರು. ಮೇಲಿನ ಸಾಲಿನ ಹಂಚನ್ನು ಅಂಗೈಯಿಂದ ಸ್ವಲ್ಪ ಎತ್ತಿ ಹಿಡಿದು, ಒಡೆದ ಚೂರುಗಳನ್ನು ಕೆಳಗೆ ಜಾರಿಸಿ, ಆ ಸಂದಿಯಲ್ಲಿ ಬೇರೆ ಹಂಚು ತೂರಿಸುವುದು. ಮುರಿದ ರೀಪನ್ನು ನೈಲಾನ್ ಹಗ್ಗದಲ್ಲಿ ಮಾಡಿನ ಪಕ್ಕಾಸಿಗೆ (ಇಳಿಜಾರು ಮರಕ್ಕೆ) ಬಿಗಿದರು. ಬಚ್ಚಲುಕೊಟ್ಟಿಗೆಯ ಹಿಂದೆ ಹಳೆಯ ಹಂಚು ಪೇರಿಸಿ ಇಟ್ಟಿದ್ದೆವು. ಒಂದರ ಮೇಲೆ 1865 ಅಂತ ಅಚ್ಚು ಇತ್ತು. ಅದು ಹಂಚಿನ ವಯಸ್ಸಲ್ಲ, ಮಂಗಳೂರಿನ ಜೆಪ್ಪಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಕಾಕ ಅದನ್ನು ಟಾರ್ಚ್ ಬೆಳಕಿನಲ್ಲಿ ನೋಡಿ, "ನಿಮ್ಮ ಪಾದ್ರಿಗಳ ಹಂಚು ಗಟ್ಟಿ ಉಂಟು" ಅಂದರು. ಕೆಲಸ ಮುಗಿಯುವಾಗ ಅವರು ಪೂರ್ತಿ ಒದ್ದೆ. ಚಾ ಕುಡಿದು ಹೋದರು.

ಮರುದಿನದಿಂದ ನೋಡಲು ಬರುವವರು ಶುರು. ಸಭೆಯ ಒಬ್ಬರು ಮಾಡು ನೋಡಿ, "ಮನೆಯಲ್ಲಿ ಪ್ರಾರ್ಥನೆ ಕಡಿಮೆಯಾದಾಗ ದೇವರು ಹೀಗೆ ಎಚ್ಚರಿಸುತ್ತಾನೆ" ಅಂದರು. ಮಡಲು ಬಿದ್ದದ್ದೇ ಪ್ರಾರ್ಥನೆಯ ಹೊತ್ತಿಗೆ ಅಂತ ಅವರಿಗೆ ಗೊತ್ತಿರಲಿಲ್ಲ. ಇನ್ನೊಬ್ಬರು ಸಂಜೆ ಬಂದು, "ತಲೆ ಮೇಲೆ ಬೀಳಲಿಲ್ಲ ನೋಡಿ, ನಿಮ್ಮ ಮೇಲೆ ದೇವರ ವಿಶೇಷ ಕೃಪೆ ಉಂಟು" ಅಂದರು. ಬೆಳಿಗ್ಗೆ ಶಿಕ್ಷೆ, ಸಂಜೆ ಕೃಪೆ, ಮಡಲು ಮಾತ್ರ ಒಂದೇ. ಅಮ್ಮ ಇಬ್ಬರಿಗೂ ಚಾ ಕೊಡಿಸಿ, ಅವರು ಹೋದ ಮೇಲೆ ನನಗೆ ಹೇಳಿದ್ದು, "ಒಣಗಿದ ಮಡಲು ಬೀಳದೆ ಮತ್ತೆಂತ ಮಾಡ್ತದೆ ಮಗಾ?"

ಆ ವಾರ ಮಕ್ಕಳಿಗೆ ಪೌಲನ ಹಡಗು ಒಡೆದ ಕಥೆ ಹೇಳಬೇಕಿತ್ತು. ಗೊತ್ತಿಲ್ಲದಿದ್ದರೆ ಇಷ್ಟು ಸಾಕು: ಕೈದಿಯಾಗಿ ರೋಮಿಗೆ ಹೋಗುತ್ತಿದ್ದ ಪೌಲನ ಹಡಗು ಹದಿನಾಲ್ಕು ರಾತ್ರಿ ಬಿರುಗಾಳಿಗೆ ಸಿಕ್ಕಿ ಮಾಲ್ಟಾ ದ್ವೀಪದ ಹತ್ತಿರ ಒಡೆಯುತ್ತದೆ. ಹಡಗಿನಲ್ಲಿದ್ದ 276 ಜನರೂ ಈಜಿಯೋ ಹಲಗೆ ಹಿಡಿದೋ ದಡ ಸೇರುತ್ತಾರೆ. ಮಳೆ, ಚಳಿ. ದ್ವೀಪದವರು ಬೆಂಕಿ ಹಾಕಿ ಎಲ್ಲರನ್ನೂ ಕರೆಯುತ್ತಾರೆ. ಪೌಲ ಒಂದು ಹೊರೆ ಪುಳ್ಳೆ ತಂದು ಬೆಂಕಿಗೆ ಹಾಕುವಾಗ ಕಾವಿಗೆ ಹಾವೊಂದು ಹೊರಬಂದು ಅವನ ಕೈಗೆ ಕಚ್ಚಿಕೊಳ್ಳುತ್ತದೆ. ನೋಡಿದವರು, ಇವನು ಖಂಡಿತ ಕೊಲೆಗಾರ, ಸಮುದ್ರದಿಂದ ಪಾರಾದರೂ ನ್ಯಾಯ ಇವನನ್ನು ಬಿಡಲಿಲ್ಲ ಅನ್ನುತ್ತಾರೆ. ಅವನು ಹಾವನ್ನು ಬೆಂಕಿಗೆ ಜಾಡಿಸುತ್ತಾನೆ. ಈಗ ಬಾತುಕೊಳ್ಳುತ್ತಾನೆ, ಈಗ ಬೀಳುತ್ತಾನೆ ಅಂತ ಜನ ಕಾಯುತ್ತಾರೆ. ಏನೂ ಆಗದಿದ್ದಾಗ, ಇವನು ದೇವರೇ ಸರಿ ಅನ್ನುತ್ತಾರೆ.

ಈ ಕಥೆ ನನಗೆ ಚಿಕ್ಕಂದಿನಿಂದ ಬಾಯಿಪಾಠ. ಯಾವಾಗಲೂ ಕಣ್ಣಿಗೆ ಕಟ್ಟುತ್ತಿದ್ದದ್ದು ಹಾವು. ಚಿತ್ರದ ಪುಸ್ತಕದಲ್ಲೂ ಹಾವನ್ನೇ ದೊಡ್ಡದಾಗಿ ಬರೆದಿರುತ್ತಾರೆ. ಈ ಸಲ ಓದುವಾಗ ಎರಡು ವಿಷಯ ಕಂಡವು. ಒಂದು, ದ್ವೀಪದವರು ಎರಡು ಸಲ ಅರ್ಥ ಹೇಳಿದರು, ಎರಡೂ ಸಲ ತಪ್ಪು ಹೇಳಿದರು. ಶಾಪವೂ ಅಲ್ಲ, ಅವತಾರವೂ ಅಲ್ಲ, ಪುಳ್ಳೆಯಲ್ಲಿ ಹಾವಿತ್ತು. ಪೌಲನಂಥ ಮಾತುಗಾರ ಕೂಡ ಆ ಹಾವಿನ ಮೇಲೆ ಪ್ರಸಂಗ ಮಾಡಿದ ಅಂತ ಈ ಕಥೆ ಬರೆದ ಲೂಕ ಬರೆದಿಲ್ಲ. ಎರಡನೆಯದು, ಆ ಜನ ಅರ್ಥ ತಪ್ಪು ಹೇಳಿದರೂ ಬೆಂಕಿ ಸರಿಯಾಗಿಯೇ ಹಾಕಿದ್ದರು. ಪೌಲನ ದೇವರ ಹೆಸರೇ ಕೇಳದವರು, ಗುರುತಿಲ್ಲದ 276 ಒದ್ದೆ ಜನರಿಗೆ, ಮಳೆಯಲ್ಲಿ. ನಮ್ಮ ಮನೆಯೊಳಗೆ ಮೇಜು ಹತ್ತಿ ನಿಂತವರ ನೆನಪು ಆಯಿತು. ಆ ಭಾನುವಾರ ಮಕ್ಕಳಿಗೆ ಹಾವಿನ ಚಿತ್ರ ಬಿಡಿಸಲು ಕೊಡಲಿಲ್ಲ, ಬೆಂಕಿಯದ್ದು ಬಿಡಿಸಿ ಅಂದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟರಲ್ಲೇ ಉಂಟು. ದೇವರು ಆ ಮಡಲನ್ನು ಯಾಕೆ ಬೀಳಿಸಿದ ಅಂತ ಹುಡುಕಲು ಹೋಗಿದ್ದರೆ ನಾನು ಬೆಳಿಗ್ಗೆ ಬಂದವರ ಜೊತೆಯೋ ಸಂಜೆ ಬಂದವರ ಜೊತೆಯೋ ಸೇರುತ್ತಿದ್ದೆ. ಅವಘಡಕ್ಕೆ ಕಾರಣ ಹುಡುಕುವುದನ್ನು ಬಿಟ್ಟು, ಅದು ನಡೆದಾಗ ಯಾರು ಬಂದರು, ನಮ್ಮೊಳಗಿನಿಂದ ಏನು ಹೊರಬಿತ್ತು, ಮೊದಲೇ ಓದಿದ ಮಾತು ಯಾವುದಾದರೂ ಈಗ ಬೇರೆ ಥರ ಕೇಳಿಸುತ್ತದಾ ಅಂತ ನೋಡಿ. ನನಗೆ ಸಿಕ್ಕಿದ್ದೆಲ್ಲ ಈ ದಾರಿಯಲ್ಲೇ. ಸಿಗದ ದಿನಗಳೇ ಹೆಚ್ಚು.

ಅವಸರ ಬೇಡ. ಬೈಬಲಿನ ಎರಡನೇ ಅರಸುಗಳು 6ರಲ್ಲಿ ಒಂದು ಪುಟ್ಟ ಕಥೆ ಉಂಟು. ಯೊರ್ದನ್ ನದಿಯ ಹತ್ತಿರ ಮರ ಕಡಿಯುವಾಗ ಒಬ್ಬನ ಕೊಡಲಿ ಕಳಚಿ ನೀರಿಗೆ ಬೀಳುತ್ತದೆ. ಅಯ್ಯೋ, ಅದು ಎರವಲು ತಂದದ್ದು ಅಂತ ಅವನು ಕೂಗುತ್ತಾನೆ. ಎರವಲಿನ ವಸ್ತು ಕಳೆದವರಿಗೆ ಆ ಹೊಟ್ಟೆಸಂಕಟ ಗೊತ್ತು. ಪ್ರವಾದಿ ಎಲೀಷ ಆಗ ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ಬಿತ್ತು? ಜಾಗ್ರತೆಯ ಬಗ್ಗೆ ಉಪದೇಶ ಇಲ್ಲ, ನಿನ್ನ ಜೀವನದಲ್ಲಿ ಏನೋ ಸರಿಯಿಲ್ಲ ಅನ್ನುವ ಮಾತಿಲ್ಲ. ಹಾಲು ಉಕ್ಕಿದರೆ ಮೊದಲು ಗ್ಯಾಸ್ ಬಂದ್ ಮಾಡಿ. ಪಾಠ ಇದ್ದರೆ ಆಮೇಲೂ ಇರುತ್ತದೆ.

ಆಮೇಲೆ ನೋಡುವುದಕ್ಕೆ ಒಂದು ಕ್ರಮ ಬೇಕು ಅಂತಿದ್ದರೆ, ನನಗೆ ಅದು ಸಿಕ್ಕಿದ್ದು ಕಥೋಲಿಕರಿಂದ. ನಾನು ಓದಿದ್ದು ಇಲ್ಲಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ, ಕಥೋಲಿಕರ ಜೆಸ್ವಿಟ್ ಸಂಘದ ಪಾದ್ರಿಗಳು 1880ರಲ್ಲಿ ಕಟ್ಟಿದ ಸಂಸ್ಥೆ. ಅವರ ಮೂಲಗುರು ಇಗ್ನೇಷಿಯಸ್ ಲೊಯೋಲ ಸಿಪಾಯಿಯಾಗಿದ್ದವನು. 1521ರಲ್ಲಿ ಸ್ಪೇನಿನ ಪಾಂಪ್ಲೋನದ ಕಾಳಗದಲ್ಲಿ ಫಿರಂಗಿ ಗುಂಡು ಕಾಲು ಮುರಿಯಿತು. ಮೂಳೆ ಉಬ್ಬಿ ಕೂಡಿಕೊಂಡಿತು, ಒಳ್ಳೆಯ ಬೂಟು ಹಾಕಿದರೆ ಚೆಂದ ಕಾಣುವುದಿಲ್ಲ ಅಂತ ಆ ಉಬ್ಬನ್ನು ಗರಗಸದಲ್ಲಿ ಕೊಯ್ಯಿಸಿಕೊಂಡ ಆಸಾಮಿ! ಹಾಸಿಗೆಯಲ್ಲಿ ಮಲಗಿ ಓದಲು ವೀರರ ಪ್ರೇಮಕಥೆಯ ಪುಸ್ತಕ ಕೇಳಿದರೆ ಮನೆಯಲ್ಲಿ ಇದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಓದುತ್ತಾ, ಕನಸು ಕಾಣುತ್ತಾ ಅವನು ಒಂದು ಗಮನಿಸಿದ. ದರಬಾರು, ಹೆಂಗಸು, ಕೀರ್ತಿಯ ಯೋಚನೆ ಆ ಹೊತ್ತಿಗೆ ಹಿತ, ಮುಗಿದ ಮೇಲೆ ಒಣಒಣ. ಸಂತರ ಹಾಗೆ ಬದುಕುವ ಯೋಚನೆ ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಫಿರಂಗಿ ಗುಂಡಿನ ಅರ್ಥವೇನು ಅಂತ ಅವನು ಕೂತು ಲೆಕ್ಕ ಹಾಕಲಿಲ್ಲ, ಮನಸ್ಸಿನಲ್ಲಿ ಏನು ಉಳಿಯುತ್ತದೆ ಅಂತ ನೋಡಿದ. ದಿನವನ್ನು ಹಿಂದಿರುಗಿ ನೋಡುವ ಜೆಸ್ವಿಟರ ಪ್ರಾರ್ಥನೆಯಲ್ಲಿ ಈ ಅಭ್ಯಾಸ ಇವತ್ತಿಗೂ ಉಂಟು. ನಾನು ಅದನ್ನು ಮಲಗುವ ಮುಂಚೆ ಚುಟುಕಾಗಿ ಮಾಡುತ್ತೇನೆ: ಇವತ್ತು ಯಾವುದಕ್ಕೆ ಸ್ತೋತ್ರ ಹೇಳಬೇಕು, ಎಲ್ಲಿ ಮನಸ್ಸು ಮುದುಡಿತು, ಯಾಕೆ. ಕೆಲವು ದಿನ ಉತ್ತರ ಬರುವ ಮುಂಚೆ ನಿದ್ದೆ ಬರುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈ ಹುಡುಕಾಟ ಏನಿದ್ದರೂ ನಿಮ್ಮ ನಿಮ್ಮ ಅವಘಡಕ್ಕೆ. ಬೇರೆಯವರದ್ದನ್ನು ಮುಟ್ಟಬೇಡಿ. ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತ ಸುದ್ದಿ ಎತ್ತಿಕೊಂಡು ಯೇಸುವೇ ಕೇಳುತ್ತಾನೆ, ಅವರು ಯೆರೂಸಲೇಮಿನ ಮಿಕ್ಕವರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ? ಅಲ್ಲ ಅನ್ನುತ್ತಾನೆ, ಮಾತನ್ನು ಕೇಳುವವರ ಕಡೆಗೇ ತಿರುಗಿಸುತ್ತಾನೆ. ಲೂಕ 13ರಲ್ಲಿ ಉಂಟು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಒಳ್ಳೆಯ ಗೆಳೆಯರೇ. ಇದು ನಿನ್ನ ಪಾಪದ ಫಲ ಅಂತ ಬಾಯಿ ತೆರೆದ ಮೇಲೆ ಕೆಟ್ಟರು. ಮಗು ಆಸ್ಪತ್ರೆಯಲ್ಲಿರುವ ಮನೆಗೆ, ಸಾವಿನ ಮನೆಗೆ ಪಾಠ ಹಿಡಿದುಕೊಂಡು ಹೋಗುವವರನ್ನು ನೀವೂ ನೋಡಿರಬಹುದು. ಗಂಜಿ ಹಿಡಿದುಕೊಂಡು ಹೋಗಿ.

ಸಾಕ್ಷಿಯ ಮೇಲೆ ಪ್ರೀತಿಯೂ ಉಂಟು ಅಂದೆನಲ್ಲ, ಅದಕ್ಕೆ ಕಾರಣ ನಮ್ಮ ಸಭೆಯ ಒಬ್ಬರು ಹಿರಿಯ ಹೆಂಗಸು. ಒಂದು ಭಾನುವಾರ ಎದ್ದು ನಿಂತು ಹೇಳಿದರು: "ನಮ್ಮ ದನ ಕಾಣೆಯಾಗಿದೆ. ತುಂಬಾ ಪ್ರಾರ್ಥನೆ ಮಾಡಿದೆ. ಇನ್ನೂ ಸಿಗಲಿಲ್ಲ. ದೇವರಿಗೆ ಸ್ತೋತ್ರ." ಕೂತುಬಿಟ್ಟರು. ಮುಂದೆ ಏನಾದರೂ ಇದೆ ಅಂತ ಸಭಾಪಾಲಕರು ಸ್ವಲ್ಪ ಹೊತ್ತು ಕಾದರು, ಆಮೇಲೆ ಸಂಗೀತದ ನಂಬರು ಹೇಳಿದರು. ಅಷ್ಟು ವರ್ಷಗಳಲ್ಲಿ ನಾನು ಕೇಳಿದ ಸಾಕ್ಷಿಗಳಲ್ಲಿ ಅದನ್ನು ಮೀರಿಸಿದ್ದು ಇಲ್ಲ. ನಿಮ್ಮ ಕೈಗೆ ಮೈಕ್ ಬಂದರೆ ನೀವೂ ಹಾಗೆ ಹೇಳಬಹುದು. ಹಾಲು ಒಡೆಯಿತು, ಅರ್ಥ ಗೊತ್ತಿಲ್ಲ, ಆದರೂ ಬಂದಿದ್ದೇನೆ ಅಂತ.

ಮಾಲ್ಟಾದ ಕಥೆ ಓದುವುದಾದರೆ ಅಪೊಸ್ತಲರ ಕೃತ್ಯಗಳು 28ರಿಂದ ಶುರು ಮಾಡಬೇಡಿ, 27ರಿಂದ ಓದಿ. ಬಿರುಗಾಳಿಯ ಭಾಗ ಅಲ್ಲಿರುವುದು. ಹಗ್ಗ, ಲಂಗರು, ಸಮುದ್ರಕ್ಕೆ ಎಸೆದ ಗೋಧಿ ಎಲ್ಲ ವಿವರವಾಗಿ ಉಂಟು, ಕಡಲಿಗೆ ಹೋಗುವವರ ಮನೆಯ ಮಕ್ಕಳಿಗೆ ಓದಿ ಹೇಳಿದರೆ ನಡುನಡುವೆ ನಮ್ಮನ್ನೇ ತಿದ್ದುತ್ತಾರೆ.