ಲಾಡಿ ಬಿಗಿಯಾದರೆ ಮಗುವಿಗೆ ಪೆಟ್ಟಾಗುತ್ತದೆಯೇ?

ಪ್ರಶ್ನೆ: ನನಗೆ 29 ವರ್ಷ. ದಾವಣಗೆರೆಯ ಬ್ಯಾಂಕ್ ಶಾಖೆಯೊಂದರಲ್ಲಿ ಕೌಂಟರ್ ಕೆಲಸ. ಈಗ 9 ವಾರದ ಗರ್ಭಿಣಿ. ಕಳೆದ ವರ್ಷ ಎರಡೂವರೆ ತಿಂಗಳಿಗೆ ಗರ್ಭಪಾತವಾಗಿತ್ತು. ಹಾಗಾಗಿ ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳುವುದು ಬೇಡ ಎಂದುಕೊಂಡಿದ್ದೇವೆ. ಸೋಮವಾರ, ಗುರುವಾರ ಸಮವಸ್ತ್ರದ ಕ್ರೇಪ್ ಸೀರೆ ಕಡ್ಡಾಯ, ಉಳಿದ ದಿನ ಕುರ್ತಾ, ಪ್ಯಾಂಟ್. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬಿ ಗುಂಡಿ ಒತ್ತುತ್ತದೆ, ಬ್ಲೌಸಿನ ಹುಕ್ಕು ಕೂಡುತ್ತಿಲ್ಲ. ಹೋದ ವಾರ ದೊಗಳೆ ಚೂಡಿದಾರ್ ಹಾಕಿದ್ದಕ್ಕೆ ಮ್ಯಾನೇಜರ್, "ಏನಮ್ಮ, ಆಫೀಸಿಗೆ ಬಂದ ಹಾಗಿಲ್ಲವಲ್ಲ" ಎಂದರು. ಅತ್ತೆ, "ಹೋದ ಸಲ ಲಾಡಿ ಬಿಗಿಯಾಗಿ ಕಟ್ಟಿದ್ದಕ್ಕೇ ಹಾಗಾಯಿತು" ಎನ್ನುತ್ತಾರೆ. ಈಗ ಲಾಡಿ ಕಟ್ಟುವಾಗಲೆಲ್ಲ ಕೈ ನಡುಗುತ್ತದೆ. ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ನಡುಕದ ಮಾತು, ಬಟ್ಟೆಯ ಮಾತು ಆಮೇಲೆ. ಹೋದ ಸಲ ಆದದ್ದಕ್ಕೆ ಲಾಡಿ ಕಾರಣವಲ್ಲ, ನೀವೂ ಕಾರಣವಲ್ಲ. ಮೊದಲ ಮೂರು ತಿಂಗಳಲ್ಲಿ ಗರ್ಭ ನಿಲ್ಲದೆ ಹೋಗುವ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಅದು ಗರ್ಭ ಕಟ್ಟುವ ಹೊತ್ತಿಗೇ ಆಗಿಹೋಗಿರುವ ಸಂಗತಿ. 12 ವಾರದವರೆಗೆ ಗರ್ಭಕೋಶ ಕಿಬ್ಬೊಟ್ಟೆಯ ಎಲುಬುಗಳ ಗೂಡಿನೊಳಗೇ ಇರುತ್ತದೆ. ಸೊಂಟದ ಮೇಲಿನ ದಾರದ ಒತ್ತಡ ಅಲ್ಲಿಗೆ ಮುಟ್ಟುವುದಿಲ್ಲ. ಲಾಡಿ ಸಡಿಲ ಮಾಡಿ ಎಂದು ನಾವೂ ಹೇಳುತ್ತೇವೆ, ಆದರೆ ಅದು ನಿಮ್ಮ ಸುಖಕ್ಕಾಗಿ.

ಈಗ ಉಬ್ಬುತ್ತಿರುವುದು ಮಗುವಿನಿಂದಲ್ಲ, ಕರುಳಿನ ವಾಯುವಿನಿಂದ. ಈ ದಿನಗಳಲ್ಲಿ ಏರುವ ಪ್ರೊಜೆಸ್ಟರಾನ್ ಹಾರ್ಮೋನು ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ. ಆದ್ದರಿಂದಲೇ ಬೆಳಿಗ್ಗೆ ಸರಿಯಾಗಿ ಕೂತ ಪ್ಯಾಂಟು ಊಟದ ನಂತರ ಕೂರುವುದಿಲ್ಲ. ಅದರ ಮೇಲೆ ಬಿಗಿಯಾಗಿ ಕಟ್ಟಿದರೆ ಹುಳಿತೇಗು, ಎದೆಯುರಿ, ವಾಕರಿಕೆ ಹೆಚ್ಚುತ್ತವೆ. ಹಾಗಾಗಿ ಟೈಲರಿಗೆ ಅಳತೆ ಕೊಡುವುದಿದ್ದರೆ ಸಂಜೆ ಆರರ ಮೇಲೆ, ಏನಾದರೂ ತಿಂದು, ಕುಳಿತುಕೊಂಡು ಕೊಡಿ. ಬೆಳಿಗ್ಗೆ ನಿಂತು ಕೊಟ್ಟ ಅಳತೆ ನಿಮ್ಮ ಕೌಂಟರಿನ ಕುರ್ಚಿಗೆ ಆಗಿಬರುವುದಿಲ್ಲ.

ಸೀರೆಯ ದಿನ ಕಷ್ಟ ಕೊಡುವುದು ಸೀರೆಗಿಂತ ಹೆಚ್ಚಾಗಿ ಒಳಲಂಗ. ತೆಳ್ಳಗಿನ ಲಾಡಿ ಒಂದೇ ಗೆರೆಯಲ್ಲಿ ಕೊರೆಯುತ್ತದೆ. ಅದನ್ನು ತೆಗೆಸಿ, ಒಂದೂವರೆಯಿಂದ ಎರಡು ಇಂಚು ಅಗಲದ ಮೆತ್ತನೆಯ ಎಲಾಸ್ಟಿಕ್ ಹಾಕಿಸಿ. ಟೈಲರುಗಳು ರೂಢಿಯಂತೆ ಸೊಂಟದ ಅಳತೆಗಿಂತ ಮೂರು ನಾಲ್ಕು ಇಂಚು ಕಡಿಮೆ ಎಲಾಸ್ಟಿಕ್ ಕತ್ತರಿಸುತ್ತಾರೆ; ನಿಮಗೆ ಸಂಜೆಯ ಅಳತೆಗಿಂತ ಒಂದೇ ಇಂಚು ಕಡಿಮೆ ಸಾಕು. ಇಷ್ಟು ಸಡಿಲ ಎಲಾಸ್ಟಿಕ್ ಸೀರೆಯ ಭಾರಕ್ಕೆ ಜಾರಬಹುದು, ಆದ್ದರಿಂದ ಲಂಗವನ್ನು ಸೊಂಟದ ಮೇಲಲ್ಲ, ಎರಡು ಇಂಚು ಕೆಳಗೆ, ಎರಡೂ ಬದಿಯ ಎಲುಬಿನ ಮೇಲೆ ಕೂರಿಸಿ. ಹಾಗೆ ಇಳಿಸಿದಾಗ ಲಂಗದ ಅಂಚು ನೆಲಕ್ಕೆ ತಾಗುತ್ತದೆ, ಅಷ್ಟೇ ಉದ್ದ ಮಡಿಚಿ ಹೊಲಿಸುವುದನ್ನು ಮರೆಯಬೇಡಿ. ತಲೆಸುತ್ತು ಬರುವ ಈ ದಿನಗಳಲ್ಲಿ ಕಾಲಿಗೆ ತೊಡರುವ ಬಟ್ಟೆ ಅಪಾಯ. ಅದೇ ಕಾರಣಕ್ಕೆ ಹಿಮ್ಮಡಿಗೆ ಪಟ್ಟಿ ಇರುವ, ಒಂದಿಂಚಿಗಿಂತ ಎತ್ತರವಿಲ್ಲದ ಚಪ್ಪಲಿ ಸಾಕು.

ಇನ್ನು ನೆರಿಗೆ. ಆರೇಳು ನೆರಿಗೆಯನ್ನು ಒಂದೇ ಕಟ್ಟಾಗಿ ಹೊಕ್ಕುಳ ಕೆಳಗೆ ಸಿಕ್ಕಿಸಿದರೆ ಅದೇ ಒಂದು ಗಂಟಾಗಿ ಹೊಟ್ಟೆಗೆ ಒತ್ತುತ್ತದೆ, ಹೊರಗಿನಿಂದಲೂ ಉಬ್ಬು ಕಾಣುತ್ತದೆ. ಕ್ರೇಪ್ ಮೈಗೆ ಅಂಟುವ ಬಟ್ಟೆ ಬೇರೆ. ನೆರಿಗೆಗಳನ್ನು ಒಂದರ ಮೇಲೊಂದು ಒತ್ತದೆ ಅರ್ಧ ಅರ್ಧ ಇಂಚು ಸರಿಸಿ, ಬೀಸಣಿಗೆಯಂತೆ ಹರಡಿ ಪಿನ್ನು ಹಾಕಿ. ಹೊಟ್ಟೆಯ ನಡುವಿನಿಂದ ಎರಡು ಬೆರಳು ಎಡಕ್ಕೆ, ಮೇಲಿನ ಒಂದಿಂಚು ಮಾತ್ರ ಒಳಕ್ಕೆ ಸಿಕ್ಕಿಸಿ. ಸೆರಗನ್ನು ಸಣ್ಣ ನೆರಿಗೆ ಮಾಡಿ ಭುಜಕ್ಕೆ ಪಿನ್ನು ಹಾಕಿದಾಗ ಅದರ ಒಳ ಅಂಚು ಎದೆಯಿಂದ ಸೊಂಟಕ್ಕೆ ಓರೆಯಾಗಿ ಇಳಿಯಬೇಕು. ಆ ಓರೆ ಗೆರೆಯೇ ಹೊಟ್ಟೆಯನ್ನು ಮರೆಮಾಡುತ್ತದೆ.

ಬ್ಲೌಸಿಗೆ ಹೊಸದು ಹೊಲಿಸುವ ಮುನ್ನ ಒಳಗೆ ತಿರುಗಿಸಿ ನೋಡಿ. ಬದಿಯ ಹೊಲಿಗೆಯಲ್ಲಿ ಸಾಮಾನ್ಯವಾಗಿ ಒಂದಿಂಚಿನಷ್ಟು ಬಟ್ಟೆ ಬಿಟ್ಟಿರುತ್ತಾರೆ. ಎರಡೂ ಬದಿ ಹೊಲಿಗೆಯನ್ನು ಅರ್ಧ ಇಂಚು ಹೊರಕ್ಕೆ ಸರಿಸಿದರೆ, ಮುಂದೆ ಹಿಂದೆ ಸೇರಿ ಒಟ್ಟು ಎರಡು ಇಂಚು ಸಿಗುತ್ತದೆ. ಬರೀ ಸೊಂಟದ ಹತ್ತಿರ ಬಿಚ್ಚಿ ಕಂಕುಳಲ್ಲಿ ಹಾಗೇ ಬಿಟ್ಟರೆ ಕೈ ಎತ್ತಲಾಗುವುದಿಲ್ಲ, ಆದ್ದರಿಂದ ತೋಳಿನ ಹೊಲಿಗೆಯ ತನಕ ಬಿಚ್ಚಿಸಿ. ಎದೆ ಮಾತ್ರ ಬಿಗಿ ಎನಿಸಿದರೆ ಬದಿ ಬಿಡಿಸಿ ಪ್ರಯೋಜನವಿಲ್ಲ, ಮುಂದಿನ ಟಕ್ ಸಡಿಲಿಸಲು ಹೇಳಿ. ಒಳಗೆ ಬಟ್ಟೆಯೇ ಇಲ್ಲವೆಂದಾದರೆ ಕಂಕುಳ ಕೆಳಗೆ ಅದೇ ಬಣ್ಣದ ಪಟ್ಟಿ ಸೇರಿಸಬಹುದು, ಸೆರಗಿನೊಳಗೆ ಅದು ಕಾಣದು. ಬ್ರಾ ತಂತಿಯಿಲ್ಲದ ಹತ್ತಿಯದೇ ಇರಲಿ. ಬೆನ್ನ ಹಿಂದೆ ಬಿಗಿಯಾದರೆ ಹುಕ್ಕಿಗೆ ಸೇರಿಸುವ ತುಂಡು ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ.

ಪ್ಯಾಂಟಿಗೆ ಸುಲಭ ಉಪಾಯವಿದೆ. ಕೂದಲಿಗೆ ಹಾಕುವ ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡನ್ನು ಕಾಜಾದೊಳಗೆ ತೂರಿಸಿ, ಅದರ ಒಂದು ತುದಿಯನ್ನು ಇನ್ನೊಂದರೊಳಗೆ ಎಳೆದು ಬಿಗಿಮಾಡಿ, ಉಳಿದ ಕುಣಿಕೆಯನ್ನು ಗುಂಡಿಗೆ ಸಿಕ್ಕಿಸಿ. ಒಂದೆರಡು ಇಂಚು ಜಾಗ ಸಿಗುತ್ತದೆ. ಆಗ ಜಿಪ್ ಇಳಿಯಲು ಶುರುವಾಗುತ್ತದೆ. ಜಿಪ್ಪಿನ ಹಿಡಿಗೆ ಕೀ ಚೈನಿನ ಸಣ್ಣ ಬಳೆ ಸೇರಿಸಿ, ಅದನ್ನೂ ಗುಂಡಿಗೇ ಸಿಕ್ಕಿಸಿದರೆ ನಿಲ್ಲುತ್ತದೆ. ಇದಕ್ಕೆ ತೊಡೆಯ ನಡುವಿನವರೆಗೆ ಬರುವ ಕುರ್ತಾ ಬೇಕು, ಬದಿಯ ಸೀಳು ಸೊಂಟದ ಪಟ್ಟಿಗಿಂತ ನಾಲ್ಕು ಇಂಚಾದರೂ ಕೆಳಗೆ ಶುರುವಾಗಬೇಕು. ಇಲ್ಲದಿದ್ದರೆ ನಡೆಯುವಾಗ ಎಲ್ಲ ಬಯಲಾಗುತ್ತದೆ.

ಮ್ಯಾನೇಜರ್ ಗಮನಿಸಿದ್ದು ಬಹುಶಃ ಸಡಿಲವನ್ನಲ್ಲ, ಭುಜ ಜಾರಿದ್ದನ್ನು. ಬಟ್ಟೆ ಅಚ್ಚುಕಟ್ಟಾಗಿ ಕಾಣುವುದು ಭುಜ, ಕುತ್ತಿಗೆ, ತೋಳಿನ ಉದ್ದ ಸರಿಯಿದ್ದಾಗ. ಎದೆಯ ಕೆಳಗೆ ಎಷ್ಟು ಸಡಿಲವಿದ್ದರೂ ನಡೆಯುತ್ತದೆ. ಒಂದು ಅಳತೆ ದೊಡ್ಡ ಕುರ್ತಾ ಕೊಂಡರೆ ಭುಜದ ಹೊಲಿಗೆ ತೋಳಿನ ಮೇಲೆ ಇಳಿಯುತ್ತದೆ, ಎರವಲು ಬಟ್ಟೆಯ ಹಾಗೆ ಕಾಣುತ್ತದೆ. ನಿಮ್ಮ ಅಳತೆಯ, ಕೆಳಗೆ ಹೋದಂತೆ ಅಗಲವಾಗುವ ಎ-ಲೈನ್ ಕುರ್ತಾ, ಇಸ್ತ್ರಿ ನಿಲ್ಲುವ ಹತ್ತಿ ಬಟ್ಟೆ, ಮೇಲೆ ಗುಂಡಿ ಹಾಕದ, ತೋಳಿಲ್ಲದ ಜಾಕೆಟ್ಟು ಇದ್ದರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಎದೆಯ ಕೆಳಗೇ ನೆರಿಗೆ ಹಿಡಿದ ಕುರ್ತಾ ಈಗ ಬೇಡ. ನೋಡಿದವರು ತಾವಾಗಿ ಕೇಳುತ್ತಾರೆ.

ಬೀರುವಿನಲ್ಲಿ ನುಸಿಗುಳಿಗೆ ಹಾಕಿದ ಬಟ್ಟೆ ವಾಕರಿಕೆ ತರಿಸುತ್ತದೆ, ಅದರ ಗಾಳಿ ನಿಮಗೆ ಒಳ್ಳೆಯದೂ ಅಲ್ಲ. ಗುಳಿಗೆ ಹೊರಗೆ ಹಾಕಿ, ಸೀರೆಯನ್ನು ಒಂದು ದಿನ ನೆರಳಲ್ಲಿ ಹರವಿ. ಆಫೀಸಿನ ಡ್ರಾಯರಿನಲ್ಲಿ ಒಂದು ಗಾಢ ಬಣ್ಣದ ಕುರ್ತಾ, ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಒದ್ದೆ ಟಿಶ್ಯೂ, ನಾಲ್ಕು ಪಿನ್ನು, ಸ್ವಲ್ಪ ಹುರಿಗಡಲೆ ಇಟ್ಟಿರಿ. ಬಿಳಿ ಸ್ರಾವ ಈಗ ತುಸು ಹೆಚ್ಚುವುದು ಸಹಜ, ಹತ್ತಿಯ ಒಳ ಉಡುಪು ಹಾಕಿಕೊಳ್ಳಿ. ರಕ್ತದ ಕಲೆ, ಕಿಬ್ಬೊಟ್ಟೆಯ ಹಿಂಡುನೋವು, ತುರಿಕೆ, ಕೆಟ್ಟ ವಾಸನೆ ಕಂಡರೆ ಸಂಜೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಎಲ್ಲರಿಗೂ ಹೇಳುವುದು ಬೇರೆ, ಒಬ್ಬರಿಗೆ ಹೇಳುವುದು ಬೇರೆ. ಸೀರೆಯ ದಿನಗಳು ತೀರಾ ಕಷ್ಟವಾದರೆ ಮ್ಯಾನೇಜರಿಗೆ, ಅಥವಾ ಶಾಖೆಯಲ್ಲಿ ನೀವು ನಂಬುವ ಹಿರಿಯ ಮಹಿಳೆಗೆ, "ಸರ್, ಡಾಕ್ಟರ್ ಸಲಹೆಯಂತೆ ಕೆಲವು ವಾರ ಸೀರೆಯ ಬದಲು ಅದೇ ಬಣ್ಣದ ಕುರ್ತಾ ಹಾಕಿಕೊಳ್ಳುತ್ತೇನೆ, ಚೀಟಿ ತರುತ್ತೇನೆ" ಎಂದಷ್ಟೇ ಹೇಳಿದರೆ ಸಾಕು. ಕಾರಣ ಬಿಡಿಸಿ ಹೇಳಬೇಕಿಲ್ಲ. ಹೆರಿಗೆ ರಜೆಯ ಹಕ್ಕು, ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ 26 ವಾರ, ನೀವು ಸುದ್ದಿಯನ್ನು ಒಂಬತ್ತನೇ ವಾರಕ್ಕೆ ಹೇಳಿದಿರೋ ಹದಿನಾಲ್ಕನೇ ವಾರಕ್ಕೆ ಹೇಳಿದಿರೋ ಎಂಬುದರ ಮೇಲೆ ನಿಂತಿಲ್ಲ.

ಅತ್ತೆಯವರೊಂದಿಗೆ ವಾದ ಬೇಡ. ಅವರ ಮಾತಿನಲ್ಲೂ ಭಯವೇ ಇದೆ, ಅವರೂ ಒಂದು ಮೊಮ್ಮಗುವನ್ನು ಕಳೆದುಕೊಂಡವರು. 11ರಿಂದ 14 ವಾರದ ನಡುವಿನ ಸ್ಕ್ಯಾನಿಂಗಿಗೆ ಅವರನ್ನೂ ಕರೆದುಕೊಂಡು ಹೋಗಿ. ಪರದೆಯ ಮೇಲೆ ಎದೆಬಡಿತ ನೋಡಲಿ, ಲಾಡಿಯ ಪ್ರಶ್ನೆಯನ್ನು ಡಾಕ್ಟರರಿಗೆ ಅವರೇ ಕೇಳಲಿ.