ವಾಹನ ಪ್ರಶ್ನೋತ್ತರ: ಬಿಸಗೋಡಿನ ಹಳೆ ಗಣಿಗೆ ತಗ್ಗು ಕಾರುಗಳು

ಪ್ರಶ್ನೆ: ಕಾರವಾರದ ನಾವು ಆರು ಗೆಳೆಯರು, ಎಲ್ಲರದ್ದೂ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಡಿಸೆಂಬರಿನ ಒಂದು ಭಾನುವಾರ ಯಲ್ಲಾಪುರ ತಾಲ್ಲೂಕಿನ ಬಿಸಗೋಡಿಗೆ ಹೋಗಿ ಹಿಂದಿನ ಮ್ಯಾಂಗನೀಸ್ ಗಣಿಯ ಜಾಗ ನೋಡಿ ಬರುವ ಆಸೆ. ಅಂಕೋಲಾ–ಯಲ್ಲಾಪುರ ನಡುವಿನ ಅರಬೈಲ್ ಘಟ್ಟ ಹತ್ತಲು ತೊಂದರೆಯಾದೀತೆ?

ಉತ್ತರ: ಹತ್ತಲು ತೊಂದರೆಯಾಗದು. ಸಿದ್ಧತೆ ಬೇಕಿರುವುದು ಇಳಿಯಲು.

ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ ಹೊರಡುವ ಮೊದಲೇ ಹೊಸದು ಹಾಕಿಸಿ. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೇನೂ ಬರವಿಲ್ಲ. ಡಾಟ್ 4 ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ ಮೇಲಿನ ಕನಿಷ್ಠ ಮಿತಿ 155 ಮಾತ್ರ. ಲಾರಿಗಳ ಹಿಂದೆ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಹಳೆ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ಒತ್ತಿದಾಗ ಗುಳ್ಳೆ ಕುಗ್ಗುತ್ತದೆ, ಒತ್ತಡ ಚಕ್ರದವರೆಗೆ ಹೋಗುವುದೇ ಇಲ್ಲ. ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ.

ಹಿಂತಿರುಗುವಾಗ ಇಡಗುಂದಿ ದಾಟಿದ ಮೇಲೆ, ಇಳಿಜಾರು ಶುರುವಾಗುವ ಮೊದಲೇ ಎರಡು ಅಥವಾ ಮೂರನೇ ಗೇರಿಗೆ ಬನ್ನಿ. ಆಟೊಮ್ಯಾಟಿಕ್ ಆದರೆ ಮ್ಯಾನುವಲ್ ಮೋಡ್‌ಗೆ ಹಾಕಿ. ವೇಗ ಹೆಚ್ಚಿದಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ, ಪೂರ್ತಿ ಬಿಡಿ, ಸದಾ ಸವರುತ್ತಿರಬೇಡಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಡಿಸ್ಕ್ ಮೇಲೆ ಪೆಡಲ್ ಒತ್ತಿಕೊಂಡೇ ನಿಂತರೆ ಪ್ಯಾಡಿನ ಪದರ ಅಲ್ಲಿಗೆ ಅಂಟಿ, ಮುಂದೆ ಬ್ರೇಕ್ ಹಾಕಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತದೆ.

ಹತ್ತುವಾಗಲೂ ಒಂದು ಎಚ್ಚರ: ಡ್ಯುಯಲ್ ಕ್ಲಚ್ (ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರಿನ) ಕಾರನ್ನು ಲಾರಿಯ ಹಿಂದೆ ಇಂಚಿಂಚಾಗಿ ತೆವಳಿಸಬೇಡಿ, ಕ್ಲಚ್ ಜಾರಿ ಬಿಸಿಯಾಗುತ್ತದೆ. ಅಂತರ ಬಿಡಿ, ಜಾಗ ಆದ ಮೇಲೆ ಒಮ್ಮೆಲೇ ಮುಂದೆ ಹೋಗಿ.

ಆರೂ ಕಾರು ಒಂದೇ ಸಾಲಿನಲ್ಲಿ ಹೋದರೆ ಹಿಂದಿನವರು ತಿರುವಿನಲ್ಲಿ ಓವರ್‌ಟೇಕ್ ಮಾಡಿ ಸೇರಿಕೊಳ್ಳಲು ನೋಡುತ್ತಾರೆ. ಘಟ್ಟದ ಅಪಾಯ ಅದೇ. ಮೂರು ಮೂರಾಗಿ, ಹತ್ತು ನಿಮಿಷ ಬಿಟ್ಟು ಹೊರಡಿ. ಅಂಕೋಲಾ, ಯಲ್ಲಾಪುರದಲ್ಲಿ ಕೂಡಿಕೊಳ್ಳಿ. ಹೋಗಿ ಬರುವುದು 200 ಕಿ.ಮೀ. ಮೀರುತ್ತದೆ, ಯಲ್ಲಾಪುರದಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ.

ಪ್ರಶ್ನೆ: ಹಂಪ್‌ಗಳಲ್ಲಿ ಕಾರಿನ ಹೊಟ್ಟೆ ತಾಗುತ್ತದೆ. ಎತ್ತರಿಸಬಹುದೆ? (ಶಿರಸಿ)

ಉತ್ತರ: ಸ್ಪ್ರಿಂಗ್‌ಗೆ ಸ್ಪೇಸರ್ (ಎತ್ತರಿಸುವ ಬಿಲ್ಲೆ) ಕೊಟ್ಟು ಎತ್ತರಿಸಬೇಡಿ, ಚಕ್ರದ ಕೋನ ಕೆಟ್ಟು ಟೈರು ಒಂದೇ ಬದಿ ಸವೆಯುತ್ತದೆ. ನಿಯಮದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಮುಂದಿನ ಹಿಂದಿನ ಚಕ್ರಗಳ ನಡುವೆ 2.5 ಮೀಟರ್ ಇರುವ ಕಾರಿನ ಹೊಟ್ಟೆಯಡಿ ಅದು ಬರೀ 46 ಮಿ.ಮೀ. ಉಬ್ಬುತ್ತದೆ, ತಾಗದು. ತಾಗುವುದು ಒಂದು ಮೀಟರ್ ಅಗಲದಲ್ಲಿ ಗುಡ್ಡೆ ಹಾಕಿದ ಊರ ಹಂಪ್. ಅದರ ಪೂರ್ತಿ ಎತ್ತರ ಚಕ್ರಗಳ ನಡುವೆ ಬಂದು ನಿಲ್ಲುತ್ತದೆ. ಎದುರಿನಿಂದ ವಾಹನ ಇಲ್ಲದಾಗ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿ. ಹಂಪ್ ಮೇಲೆ ಬ್ರೇಕ್ ಹಾಕಿದರೆ ಮೂತಿ ತಗ್ಗುತ್ತದೆ. ಮೊದಲೇ ನಿಧಾನಿಸಿ, ಬ್ರೇಕ್ ಬಿಟ್ಟು ಹತ್ತಿ.

ಪ್ರಶ್ನೆ: ಗಣಿಯ ಹೊಂಡದವರೆಗೆ ಕಾರು ಒಯ್ಯಬಹುದೆ? (ಅಂಕೋಲಾ)

ಉತ್ತರ: ಬೇಡ. ಡಾಂಬರು ಮುಗಿಯುವಲ್ಲಿ ನಿಲ್ಲಿಸಿ, ಊರವರನ್ನು ಕೇಳಿಕೊಂಡು ನಡೆದು ಹೋಗಿ. 255/35 ಅಳತೆಯ (255 ಮಿ.ಮೀ. ಅಗಲ, ಪಕ್ಕೆಯ ಎತ್ತರ ಅದರ ಶೇ. 35) ಟೈರಿನ ಪಕ್ಕೆ 89 ಮಿ.ಮೀ. ಮಾತ್ರ, ಮಣ್ಣಿನಿಂದ ಎದ್ದ ಚೂಪು ಕಲ್ಲು ಅದನ್ನು ಸೀಳಿದರೆ ಪಂಕ್ಚರ್ ದ್ರವದಿಂದ ಮುಚ್ಚದು, ಇಂಥ ಬಹುತೇಕ ಕಾರುಗಳಲ್ಲಿ ಸ್ಟೆಪ್ನಿಯೂ ಇಲ್ಲ. ಹಳೆ ಹೊಂಡದ ಅಂಚು ಕೆಳಗೆ ಪೊಳ್ಳಾಗಿರಬಹುದು, ಅಂಚಿನಿಂದ ದೂರವೇ ಇರಿ. ನೀರು ತುಂಬಿದ್ದರೆ ಇಳಿಯಲೇಬೇಡಿ. ಮ್ಯಾಂಗನೀಸ್ ಅದಿರು ಮುಟ್ಟಿದರೆ ಕೈ ಕಪ್ಪಾಗುತ್ತದೆ, ಸೀಟು ಮುಟ್ಟುವ ಮೊದಲು ತೊಳೆದುಕೊಳ್ಳಿ. ಡಿಸೆಂಬರಿನಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ನಾಲ್ಕಕ್ಕೆಲ್ಲ ಯಲ್ಲಾಪುರ ಬಿಟ್ಟರೆ ಘಟ್ಟ ಬೆಳಕಿನಲ್ಲೇ ಇಳಿಯಬಹುದು.