ಹೊಸ ವಿಶ್ವವಿದ್ಯಾಲಯ ಬಂದರೆ ಊರಿನ ದುಡಿಯುವ ಜನಕ್ಕೆ ಏನು ಸಿಗುತ್ತದೆ?

ನಿಮ್ಮ ಜಿಲ್ಲೆಗೆ ಹೊಸ ವಿಶ್ವವಿದ್ಯಾಲಯ ಬರುತ್ತಿದೆ, ಅದರಿಂದ ಊರಿನವರಿಗೆ ಒಳ್ಳೆಯ ಕೆಲಸ ಸಿಗುತ್ತದಾ, ವ್ಯಾಪಾರ ಬೆಳೆಯುತ್ತದಾ ಅಂತ ಕೇಳಿದ್ದೀರಿ. ಪಿಜಿ, ಮೆಸ್, ಜೆರಾಕ್ಸ್ ಅಂಗಡಿ ತಾನಾಗಿಯೇ ಬರುತ್ತವೆ. ಪುಣೆಯಲ್ಲಿ ಅದನ್ನು ದಿನಾ ನೋಡುತ್ತೇನೆ. ಅಷ್ಟಕ್ಕೇ ಸುಮ್ಮನಾಗಬೇಡಿ. ಈಗಾಗಲೇ ಊರಲ್ಲಿ ದುಡಿಯುತ್ತಿರುವವರ ಬೆನ್ನಿಗೆ ಅದು ನಿಲ್ಲುತ್ತದಾ ನೋಡಿ.

ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಪುಣೆ ಕ್ಯಾಂಪಸ್ಸಿನ ವಯಸ್ಕರ ಶಿಕ್ಷಣ ವಿಭಾಗದವರು 1990ರ ಹೊತ್ತಿಗೆ ಚಿಂದಿ ಆಯುವ ಹೆಂಗಸರ ನಡುವೆ ಕೆಲಸ ಶುರುಮಾಡಿದರು. ಆ ಹೆಂಗಸರಿಗೆ ಅಕ್ಷರಕ್ಕಿಂತ ತುರ್ತಾಗಿ ಬೇಕಾಗಿದ್ದು ಎರಡು. ತಿಪ್ಪೆ ಕೆದಕುವ ಬದಲು ಮನೆಗಳಲ್ಲೇ ಬೇರೆ ಮಾಡಿಟ್ಟ ಕಸ ಸಿಗಬೇಕು. ಕಳ್ಳರು ಅಂತ ಯಾರೂ ಅಟ್ಟಬಾರದು. ಅಧ್ಯಾಪಕಿಯರು ಅವರ ಮಾತು ಕೇಳಿದರು, ಜೊತೆಗೆ ನಿಂತರು. 1993ರಲ್ಲಿ ಕಾರ್ಮಿಕ ನಾಯಕ ಬಾಬಾ ಆಢಾವ್ ಅವರ ಬೆಂಬಲವೂ ಸೇರಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಚಿಂದಿ ಆಯುವವರ ಸಂಘ ಹುಟ್ಟಿತು. ಸಂಘ ಕೊಟ್ಟ ಗುರುತಿನ ಚೀಟಿಯನ್ನು ಪಾಲಿಕೆ ಒಪ್ಪಿತು. ಮುಂದೆ ಆರೋಗ್ಯ ವಿಮೆಯೂ ಬಂತು. 2008ರಲ್ಲಿ ಇವರದೇ 'ಸ್ವಚ್ಛ್' ಸಹಕಾರಿ ಸಂಘ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಒಯ್ಯತೊಡಗಿತು. ಮನೆಯವರು ಕೊಡುವ ತಿಂಗಳ ಶುಲ್ಕ ನೇರ ಕಸ ಒಯ್ಯುವವರ ಕೈಗೆ. ರದ್ದಿ ಮಾರಿದ ದುಡ್ಡೂ ಅವರದೇ. ಒಂದು ವಿಭಾಗದ ನಾಲ್ಕಾರು ಜನ ಮನಸ್ಸು ಮಾಡಿದ್ದರಿಂದ ಇದು ಶುರುವಾಯಿತು. ಈ ನಗರದ ಬಗ್ಗೆ ನನಗೆ ಅತಿ ಹೆಚ್ಚು ಹೆಮ್ಮೆ ಇರುವುದು ಇದೇ ವಿಷಯಕ್ಕೆ.

ಮಾಡಬೇಕಾದದ್ದು ಇನ್ನೂ ಬೇಕಾದಷ್ಟಿದೆ. ದಿನಗೂಲಿಯವರು ಕೆಲಸಕ್ಕಾಗಿ ಕಾಯುವ ಇಲ್ಲಿನ ಮಜೂರ್ ಅಡ್ಡೆಗಳಲ್ಲಿ ಬೆಳಗ್ಗೆ ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಇವತ್ತು ಒಬ್ಬ ಮೇಸ್ತ್ರಿ, ನಾಳೆ ಇನ್ನೊಬ್ಬ. ಇಂಥವರಿಗೆ ಅದನ್ನು ಯಾರು ಬರೆದುಕೊಡುತ್ತಾರೆ ಹೇಳಿ? ಕಾನೂನು, ಸಮಾಜಕಾರ್ಯ ಓದುವ ಹುಡುಗರು ಕನ್ನಡ ಬಲ್ಲ ಒಬ್ಬರನ್ನು ಕರೆದುಕೊಂಡು ವಾರಕ್ಕೊಮ್ಮೆ ಅಡ್ಡೆಗೆ ಹೋಗಲಿ, ದಾಖಲೆ ಹೊಂದಿಸಿ ಅರ್ಜಿ ತುಂಬಿಸಲಿ. ಎಷ್ಟೋ ಮನೆಗಳಿಗೆ ಮಕ್ಕಳ ಓದಿಗೆ ನೆರವು, ಸಾವುನೋವಾದರೆ ಪರಿಹಾರ ಸಿಗುವ ದಾರಿ ಆಗುತ್ತದೆ. ಹುಡುಗರಿಗೆ ಅದಕ್ಕೆ ಅಂಕವನ್ನೂ ಕೊಡಬೇಕು, ಆಗಲೇ ಅದು ವರ್ಷ ವರ್ಷ ನಡೆಯುತ್ತದೆ.

ಕ್ಯಾಂಪಸ್ ಒಳಗೂ ನೋಡಿ. ಸೆಕ್ಯುರಿಟಿಯವರು, ಕಸ ಗುಡಿಸುವವರು, ಮೆಸ್ಸಿನವರು ಜಾಸ್ತಿ ಗುತ್ತಿಗೆಯವರೇ ಅಲ್ವಾ? ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು ಅಂತ ಕಾನೂನಿದೆ. ಹಾಗಾಗಿ ಪ್ರತಿ ತಿಂಗಳು ಪಿಎಫ್, ಇಎಸ್‌ಐ ಕಟ್ಟಿದ ರಸೀದಿ ತೋರಿಸಿದ ಮೇಲೆಯೇ ಗುತ್ತಿಗೆದಾರನ ಬಿಲ್ ಪಾಸಾಗಬೇಕು. ನಿಮ್ಮೂರಲ್ಲಿ ಮೊದಲ ಟೆಂಡರ್ ಕರೆಯುವಾಗಲೇ ಈ ಶರತ್ತು ಹಾಕಿಸಿ. ಸಹಿ ಬಿದ್ದ ಮೇಲೆ ಬದಲಾಯಿಸುವುದು ಕಷ್ಟ. ಮೆಸ್ಸಿನ ಹಾಲು, ತರಕಾರಿ, ರೊಟ್ಟಿ ಸುತ್ತಲಿನ ರೈತರಿಂದ, ಸ್ತ್ರೀಶಕ್ತಿ ಸಂಘಗಳಿಂದ ಬರಲಿ ಅಂತಲೂ ಅದರಲ್ಲೇ ಸೇರಿಸಿ.